ಗುಂಡಿ ಒತ್ತುವವನ ಹೊಣೆ

ಉರೂಸಿಗೋ ಜಾತ್ರೆಗೋ ಹೋದಾಗ ನಾವು ಜಾಯಿಂಟ್ ವೀಲ್ ಏರುತ್ತೇವೆ. ಅಡ್ಡಸರಳಿಗೆ ಕೊಂಡಿ ಹಾಕಿದವನ ಮುಖ ಇಳಿದ ಮೇಲೆ ನಮಗೆ ನೆನಪಿರುವುದಿಲ್ಲ. ಮಕ್ಕಳ ಪ್ರಾಣವನ್ನೇ ಅವನ ಕೈಗೆ ಅಮಾನತ್ತಾಗಿ ಒಪ್ಪಿಸಿದ್ದೆವು ಎಂಬುದೂ!

ಭಾರವೆಲ್ಲ ಒಂದೇ ಬದಿಗೆ ಬೀಳದಂತೆ ಎದುರುಬದುರು ತೊಟ್ಟಿಲುಗಳಲ್ಲಿ ಜನರನ್ನು ಕೂರಿಸಬೇಕು, ಪ್ರತಿ ಕೊಂಡಿಯನ್ನೂ ಎಳೆದು ನೋಡಬೇಕು, ತೀರಾ ಚಿಕ್ಕ ಮಗುವನ್ನು ತಡೆದು ತಂದೆಯ ಬೈಗುಳ ಕೇಳಬೇಕು. ಇದನ್ನೆಲ್ಲ ಕಲಿಯಬಹುದು. ಆದರೆ ನೂರನೆಯ ಸುತ್ತಿನ ಕೊಂಡಿಯನ್ನೂ ಮೊದಲನೆಯದರಷ್ಟೇ ಅನುಮಾನದಿಂದ ನೋಡುವುದು ಸುಲಭವಲ್ಲ. ಅಷ್ಟು ಹೊತ್ತಿಗೆ ಕಾಲು ಸೋತಿರುತ್ತದೆ, ಸಾಲು ಬೆಳೆದಿರುತ್ತದೆ.

2019ರ ಜುಲೈ ತಿಂಗಳಲ್ಲಿ ಅಹಮದಾಬಾದಿನ ಕಾಂಕರಿಯಾದಲ್ಲಿ ಲೋಲಕದಂತೆ ತೂಗುವ ಯಂತ್ರ ಮುರಿದುಬಿದ್ದು ಇಬ್ಬರು ಸತ್ತರು. ಬಂಧಿತರಲ್ಲಿ ಯಂತ್ರ ನಡೆಸುವವರೂ ಇದ್ದರು. ತಪ್ಪು ಯಾರದೆಂದು ಹೇಳುವುದು ನ್ಯಾಯಾಲಯದ ಕೆಲಸ. ನಾವು ಕೇಳಬೇಕಾದ ಪ್ರಶ್ನೆ ಬೇರೆ. ಯಂತ್ರದ ಸದ್ದು ಸರಿಯಿಲ್ಲವೆನಿಸಿದಾಗ ಅದನ್ನು ನಿಲ್ಲಿಸುವ ಅಧಿಕಾರ ದಿನಗೂಲಿಯವನಿಗೆ ಇರುತ್ತದೆಯೇ? ನಿಲ್ಲಿಸಿದರೆ ಆ ದಿನದ ಕೂಲಿ ಸಿಗುತ್ತದೆಯೇ? ಅಧಿಕಾರ ಕೊಡದೆ ಹೊಣೆ ಹೊರಿಸುವುದು ಅನ್ಯಾಯ. ಈ ಅಮಾನತ್ತಿನ ಭಾರ ಮೊದಲು ಮಾಲಕನ ಮೇಲಿದೆ. ಸ್ವಲ್ಪ ಪಾಲು ನಮ್ಮದೂ ಇದೆ. ಒಂದು ಸುತ್ತು ತಡವಾದರೆ ಸಿಳ್ಳೆ ಹೊಡೆದು ಅವಸರಿಸುವವರು ನಾವೇ ತಾನೆ?