ವಸಂತದ ಹಬ್ಬಗಳೂ ವಿವಾಹದಿನವೂ



ಋತುಗಳಲ್ಲಿ ವಸಂತವು ತನ್ನ ವಿಭೂತಿಯೆಂದು ಶ್ರೀಕೃಷ್ಣಪರಮಾತ್ಮನು ಗೀತೆಯ ಹತ್ತನೆಯ ಅಧ್ಯಾಯದಲ್ಲಿ ಅರ್ಜುನನಿಗೆ ತಿಳಿಸಿರುವನು. ಈ ಋತುವಿನ ಎರಡು ಮಾಸಗಳಿಗೆ ವೇದವು ಕೊಟ್ಟಿರುವ ಹೆಸರುಗಳು ಮಧು ಮತ್ತು ಮಾಧವ. ಚೈತ್ರಮಾಸಕ್ಕೆ ವಿಷ್ಣುವೂ ವೈಶಾಖಮಾಸಕ್ಕೆ ಮಧುಸೂದನನೂ ನಿಯಾಮಕ ರೂಪಗಳು. ಯುಗಾದಿ, ಚೈತ್ರಗೌರಿ, ಶ್ರೀರಾಮನವಮಿ, ಹನುಮಜ್ಜಯಂತಿ, ಅಕ್ಷಯತೃತೀಯಾ, ನರಸಿಂಹಜಯಂತಿ ಇಷ್ಟೂ ಈ ಅರವತ್ತು ದಿನಗಳ ಒಳಗೇ ಬರುತ್ತವೆ. ನಮ್ಮವರ ಮನೆಗಳಲ್ಲಿ ಮದುವೆಗಳು ಹೆಚ್ಚಾಗಿ ನಡೆಯುವುದೂ ಈ ಕಾಲದಲ್ಲೇ. ಆದ್ದರಿಂದ ಎಷ್ಟೋ ಯುವ ದಂಪತಿಗಳಿಗೆ ಹಬ್ಬಗಳ ನಡುವೆಯೇ ತಮ್ಮ ವಿವಾಹದ ದಿನವೂ ಬಂದು ಸೇರುತ್ತದೆ. ಈ ಎರಡನ್ನೂ ಹೇಗೆ ಆಚರಿಸಬೇಕೆಂಬುದನ್ನು ಈ ಸಂಚಿಕೆಯಲ್ಲಿ ವಿಚಾರಮಾಡೋಣ.

ಊರಿನಲ್ಲಿ ಹಿರಿಯರೊಡನೆ ಇರುವವರಿಗೆ ಹಬ್ಬವು ತಾನಾಗಿಯೇ ನಡೆದುಹೋಗುತ್ತದೆ. ಅಜ್ಜಿಯು ಬೇವಿನ ಹೂವನ್ನು ಆರಿಸಿಟ್ಟಿರುತ್ತಾಳೆ, ತಂದೆಯು ಪಂಚಾಂಗವನ್ನು ತೆಗೆದಿರುತ್ತಾರೆ. ನಗರದಲ್ಲಿ ಹಾಗಲ್ಲ. ಮಾರ್ಚ್ ಕೊನೆಯ ಲೆಕ್ಕಪತ್ರಗಳು, ಮಕ್ಕಳ ಪರೀಕ್ಷೆಗಳು, ಬೆಳಗಿನ ಲೋಕಲ್ ಗಾಡಿ ಇವುಗಳ ನಡುವೆ ಯುಗಾದಿಯು ಬಂದು ನಿಲ್ಲುತ್ತದೆ. ಮುಂಬಯಿ ಪುಣೆಗಳಲ್ಲಿ ಅದೇ ಪ್ರತಿಪದೆಯಂದು ನೆರೆಯವರು ಗುಡಿಯನ್ನು ಏರಿಸುತ್ತಾರೆ. ಹೈದರಾಬಾದಿನಲ್ಲಿ ಊರಿಗೆ ಊರೇ ನಮ್ಮೊಡನೆ ಹಬ್ಬವನ್ನು ಆಚರಿಸುತ್ತದೆ. ಚೆನ್ನೈಯಲ್ಲಿ ನೆರೆಯವರ ಹೊಸ ವರ್ಷವು ಮೇಷ ಸಂಕ್ರಮಣಕ್ಕೆ. ಉಡುಪಿಯ ಕಡೆಯವರಾದ ನಮ್ಮವರಿಗೂ ಸೌರಯುಗಾದಿಯು ಆಗಲೇ. ದೆಹಲಿಯಲ್ಲಿ ಇರುವವರು ಹಲವೊಮ್ಮೆ ರಜೆಯಿಲ್ಲದೆಯೇ ಹಬ್ಬ ಮಾಡಬೇಕಾಗುತ್ತದೆ.

ಇದರಿಂದ ಯಾರೂ ಧೈರ್ಯಗೆಡಬೇಕಾಗಿಲ್ಲ. ಸೂರ್ಯೋದಯದ ಹೊತ್ತಿಗೆ ಅಭ್ಯಂಗಸ್ನಾನ, ಬಾಗಿಲಿಗೆ ಮಾವಿನ ತೋರಣ, ದೇವರಿಗೆ ನಿವೇದಿಸಿದ ಬೇವು ಬೆಲ್ಲ, ಪಂಚಾಂಗ ಶ್ರವಣ ಇಷ್ಟಕ್ಕೆ ಒಂದೂವರೆ ಗಂಟೆ ಸಾಕು. ಒಬ್ಬಟ್ಟನ್ನು ಸಂಜೆ ಮಾಡಿದರೂ ಸಲ್ಲುತ್ತದೆ. ಆದರೆ ಪಂಚಾಂಗ ಶ್ರವಣವನ್ನು ಮಾತ್ರ ಬಿಡಬಾರದು. ತಿಥಿ, ವಾರ, ನಕ್ಷತ್ರ, ಯೋಗ, ಕರಣ ಎಂಬ ಐದು ಅಂಗಗಳನ್ನು ತಂದೆಯು ಗಟ್ಟಿಯಾಗಿ ಓದಲಿ, ಮಗುವು ಕೇಳಲಿ. ಗೋಡೆಯ ಮೇಲಿನ ಕ್ಯಾಲೆಂಡರಿನ ಹೊರತು ತನಗೆ ಇನ್ನೊಂದು ಕಾಲಗಣನೆಯೂ ಇದೆಯೆಂಬುದು ಆ ಮಗುವಿಗೆ ಗೊತ್ತಾಗುವುದು ಅಂದೇ.

ಶ್ರೀರಾಮನವಮಿಯ ಪಾನಕ, ಕೋಸಂಬರಿ, ನೀರುಮಜ್ಜಿಗೆಗಳೂ ಚೈತ್ರಗೌರಿಯ ಅರಿಶಿನ ಕುಂಕುಮವೂ ಬಿಸಿಲಿನ ಕಾಲಕ್ಕೆ ಹಿರಿಯರು ಹಾಕಿಕೊಟ್ಟ ದಾನದ ಕ್ರಮಗಳು. ಅಕ್ಷಯತೃತೀಯೆಯಂದು ಚಿನ್ನದ ಅಂಗಡಿಗಳ ಮುಂದೆ ಜನ ಸಾಲುಗಟ್ಟಿ ನಿಲ್ಲುವುದನ್ನು ಎಲ್ಲೆಡೆಯೂ ಕಾಣುತ್ತೇವೆ. ಅಂದು ಕೊಂಡದ್ದು ಅಕ್ಷಯವಾಗುತ್ತದೆಂಬ ಮಾತು ವ್ಯಾಪಾರದ್ದು. ಅಂದು ಕೊಟ್ಟದ್ದು ಅಕ್ಷಯವಾಗುತ್ತದೆಂಬುದೇ ಶಾಸ್ತ್ರದ ಮಾತು. ವೈಶಾಖದಲ್ಲಿ ಉದಕುಂಭ, ಛತ್ರಿ, ಬೀಸಣಿಗೆ, ಮಜ್ಜಿಗೆ, ಮಾವಿನಹಣ್ಣುಗಳ ದಾನವನ್ನು ಹಿರಿಯರು ನಡೆಸಿಕೊಂಡು ಬಂದಿದ್ದಾರೆ. ಅನ್ನ ನೀರುಗಳ ದಾನಕ್ಕೆ ಹಸಿದವನೂ ಬಾಯಾರಿದವನೂ ಪಾತ್ರನೇ. ಕಟ್ಟಡದ ಕಾವಲುಗಾರನಿಗೆ, ಮೆಟ್ಟಿಲು ಗುಡಿಸುವ ಹೆಂಗಸಿಗೆ ಮಗುವಿನ ಕೈಯಿಂದಲೇ ಒಂದು ಲೋಟ ಮಜ್ಜಿಗೆ ಕೊಡಿಸಿರಿ. ಕೊಡುವಾಗ ಅವರೊಳಗಿರುವ ಅಂತರ್ಯಾಮಿಯನ್ನು ನೆನೆಯಲು ಕಲಿಸಿರಿ.

ಇನ್ನು ವಿವಾಹದಿನದ ವಿಚಾರ. ಪುಣೆಯಲ್ಲಿರುವ ಯುವ ದಂಪತಿಗಳು ನಮ್ಮಲ್ಲಿ ಒಂದು ಪ್ರಶ್ನೆಯನ್ನು ಇಟ್ಟಿದ್ದರು. ಇಬ್ಬರೂ ನೌಕರಿಗೆ ಹೋಗುವವರು, ನಾಲ್ಕು ವರ್ಷದ ಒಂದು ಮಗು. ಅವರು ವಿವಾಹವಾದ ದಿನಾಂಕ ಮೇ ೮. ೨೦೨೫ರಲ್ಲಿ ಅದೇ ದಿನ ಮೋಹಿನೀ ಏಕಾದಶಿಯು ಬಂದಿತು. ಸ್ನೇಹಿತರು ಹೋಟೆಲಿನಲ್ಲಿ ಊಟಕ್ಕೆ ಏರ್ಪಾಡು ಮಾಡಿದ್ದರು. ಊರಿನಿಂದ ತಾಯಿಯವರು ಫೋನ್ ಮಾಡಿ ಉಪವಾಸವನ್ನು ನೆನಪಿಸಿದರು. ಆ ಹೆಣ್ಣುಮಗಳು ಹೇಳಿದ ಮಾತನ್ನು ಇಲ್ಲಿ ಹಾಗೆಯೇ ಬರೆಯುತ್ತೇವೆ: “ವರ್ಷವೆಲ್ಲ ಆಫೀಸು, ಅಡಿಗೆ, ಮಗು ಎಂದೇ ಕಳೆಯುತ್ತದೆ. ಒಂದು ದಿನವಾದರೂ ನಮ್ಮಿಬ್ಬರದು ಎಂದಿರಬಾರದೇ?” ಪತಿಗೆ ಉಪವಾಸವನ್ನು ಬಿಡಲು ಮನಸ್ಸಿಲ್ಲ, ಪತ್ನಿಯನ್ನು ನೋಯಿಸಲೂ ಮನಸ್ಸಿಲ್ಲ. ಯಾವುದನ್ನು ಬಿಡಬೇಕೆಂಬುದು ಅವರ ಪ್ರಶ್ನೆ.

ಏಕಾದಶಿಯನ್ನು ಬಿಡುವಂತಿಲ್ಲ. ಶ್ರೀಮದಾಚಾರ್ಯರು ಕೃಷ್ಣಾಮೃತಮಹಾರ್ಣವದಲ್ಲಿ ಅದರ ಮಹಿಮೆಯನ್ನು ವಿಸ್ತಾರವಾಗಿ ತಿಳಿಸಿದ್ದಾರೆ. ಎಂಟು ವರ್ಷ ತುಂಬದ ಮಗುವಿಗೆ ಉಪವಾಸದ ಕಟ್ಟಿಲ್ಲ, ತಂದೆತಾಯಿಗಳಿಗೆ ಉಂಟು. ಆದರೆ ಆ ಹೆಣ್ಣುಮಗಳ ಮಾತನ್ನೂ ತಳ್ಳಿಹಾಕುವಂತಿಲ್ಲ. ಧರ್ಮ, ಅರ್ಥ, ಕಾಮ ಈ ಮೂರರಲ್ಲಿಯೂ ನಿನ್ನನ್ನು ಮೀರಿ ನಡೆಯೆನೆಂದು ವರನು ವಿವಾಹಕಾಲದಲ್ಲಿ ಮಾತು ಕೊಟ್ಟಿರುತ್ತಾನೆ. ಸಪ್ತಪದಿಯಲ್ಲಿ ಮೊದಲ ಹೆಜ್ಜೆ ಅನ್ನಕ್ಕಾಗಿ. ಏಳು ಹೆಜ್ಜೆಗಳು ಮುಗಿದಾಗ ವಧುವು ಸಖಿಯಾಗುತ್ತಾಳೆ. ಸಖಿಯೊಡನೆ ಕುಳಿತು ಎರಡು ಮಾತನಾಡಲು ವರ್ಷದಲ್ಲಿ ಒಂದು ದಿನವೂ ಇಲ್ಲದಿದ್ದರೆ ಆ ಮಾತು ಉಳಿಯುವುದೆಂತು?

ಹಾಗಾದರೆ ದಾರಿ ಯಾವುದು? ವಿವಾಹವು ನಡೆದದ್ದು ತಿಥಿಯನ್ನೂ ಲಗ್ನವನ್ನೂ ನೋಡಿ; ದಿನಾಂಕವು ಅದರ ಹಿಂದೆ ಬಂದದ್ದು. ಲಗ್ನಪತ್ರಿಕೆಯನ್ನು ತೆಗೆದು ನೋಡಿರಿ, ಸಾಮಾನ್ಯವಾಗಿ ಎರಡೂ ಅಚ್ಚಾಗಿರುತ್ತವೆ. ಚಾಂದ್ರವರ್ಷಕ್ಕೆ ಸುಮಾರು ೩೫೪ ದಿನಗಳು, ಸೌರವರ್ಷಕ್ಕೆ ೩೬೫. ಈ ಹನ್ನೊಂದು ದಿನಗಳ ಅಂತರವನ್ನು ಅಧಿಕಮಾಸವು ಸರಿಪಡಿಸುತ್ತದೆ. ಯುಗಾದಿಯು ೨೦೨೩ರಲ್ಲಿ ಮಾರ್ಚ್ ೨೨ಕ್ಕೆ ಬಂದಿತ್ತು. ಆ ವರ್ಷ ಅಧಿಕ ಶ್ರಾವಣವಿದ್ದುದರಿಂದ ೨೦೨೪ರಲ್ಲಿ ಏಪ್ರಿಲ್ ೯ಕ್ಕೆ ಹೋಯಿತು. ೨೦೨೫ರಲ್ಲಿ ಮತ್ತೆ ಮಾರ್ಚ್ ೩೦ಕ್ಕೆ ಹಿಂದೆ ಸರಿಯಿತು. ವಿವಾಹದ ತಿಥಿಯೂ ಹೀಗೆಯೇ ಸರಿಯುತ್ತದೆ. ನಮ್ಮಲ್ಲಿ ಏಕಾದಶಿಯಂದು ವಿವಾಹ ಮಾಡುವ ರೂಢಿಯಿಲ್ಲ. ಆದ್ದರಿಂದ ತಿಥಿಯಂತೆ ಆಚರಿಸುವವರಿಗೆ ಉಪವಾಸದ ತೊಡಕು ಸಾಮಾನ್ಯವಾಗಿ ಬಾರದು. ದ್ವಾದಶಿಯಂದು ವಿವಾಹವಾದವರು ಮಾತ್ರ ಎಚ್ಚರದಿಂದಿರಬೇಕು. ಅರುಣೋದಯದಲ್ಲಿ, ಎಂದರೆ ಸೂರ್ಯೋದಯಕ್ಕೆ ನಾಲ್ಕು ಘಟಿಕೆ ಅಥವಾ ೯೬ ನಿಮಿಷಗಳ ಮೊದಲು, ದಶಮಿಯ ವೇಧವಿದ್ದರೆ ಉಪವಾಸವೇ ಮರುದಿನಕ್ಕೆ ಹೋಗುತ್ತದೆ.

ದಿನಾಂಕವನ್ನೇ ಇಟ್ಟುಕೊಳ್ಳಬೇಕೆಂಬ ಆಸೆಯುಳ್ಳವರು, ಅದು ಏಕಾದಶಿಗೆ ಬಂದ ವರ್ಷ ಊಟವನ್ನು ಪಾರಣೆಯ ದಿನಕ್ಕೆ ಇಟ್ಟುಕೊಳ್ಳಲಿ. ಆ ದಂಪತಿಗಳಿಗೂ ಇದನ್ನೇ ಹೇಳಿದೆವು. ಹಿಂದಿನ ದಿನ ಒಟ್ಟಿಗೆ ಉಪವಾಸವಿದ್ದು, ಮರುದಿನ ಮುಂಜಾನೆ ಒಟ್ಟಿಗೆ ಕುಳಿತು ತೀರ್ಥ ತುಲಸಿಗಳನ್ನು ಸ್ವೀಕರಿಸಿ ಊಟಮಾಡುವುದಕ್ಕಿಂತ ಇಬ್ಬರದೇ ಆದ ಹೊತ್ತು ಬೇರೆ ಯಾವುದು?

ಭಾಗವತದ ನವಮಸ್ಕಂಧದ ಅಂಬರೀಷನ ಕಥೆಯನ್ನು ಎಲ್ಲರೂ ಬಲ್ಲಿರಿ. ದ್ವಾದಶಿಯು ಇನ್ನು ಅರ್ಧಮುಹೂರ್ತ, ಎಂದರೆ ೨೪ ನಿಮಿಷ ಮಾತ್ರ ಉಳಿದಿರುವಾಗ, ಅತಿಥಿಯಾಗಿ ಬಂದ ದೂರ್ವಾಸರು ಸ್ನಾನಕ್ಕೆ ಹೋದವರು ಹಿಂದಿರುಗಲಿಲ್ಲ. ಪಾರಣೆಯೂ ತಪ್ಪಬಾರದು, ಅತಿಥಿಗಿಂತ ಮೊದಲು ಉಂಡಂತೆಯೂ ಆಗಬಾರದು. ಬ್ರಾಹ್ಮಣರನ್ನು ಕೇಳಿ ರಾಜನು ನೀರನ್ನಷ್ಟೇ ಸ್ವೀಕರಿಸಿದನು. ಎರಡು ಧರ್ಮಗಳು ಎದುರುಬದುರಾದಾಗ ಒಂದನ್ನು ಎಸೆಯದೆ ಎರಡಕ್ಕೂ ಎಡೆಮಾಡಿಕೊಡುವ ಜಾಣ್ಮೆಯು ಇಲ್ಲಿದೆ. ಮುಂದೆ ಸುದರ್ಶನವು ದೂರ್ವಾಸರನ್ನು ಅಟ್ಟಿದ್ದು, ಅವರು ಮರಳಿ ಬರುವವರೆಗೆ ರಾಜನು ಒಂದು ವರ್ಷ ನೀರಿನಲ್ಲೇ ಕಳೆದದ್ದು ಪ್ರಸಿದ್ಧವಾಗಿದೆ. ಆದರೆ ಕಥೆಯ ಆರಂಭದಲ್ಲಿರುವ ಒಂದು ಅಂಶವನ್ನು ನಾವು ಸಾಮಾನ್ಯವಾಗಿ ಗಮನಿಸುವುದಿಲ್ಲ. ರಾಜನು ಆ ಸಂವತ್ಸರವ್ರತವನ್ನು ಹಿಡಿದದ್ದು ಒಬ್ಬನೇ ಅಲ್ಲ; ತನಗೆ ಸಮಾನವಾದ ಶೀಲವುಳ್ಳ ರಾಣಿಯೊಡನೆ. ಪತಿಯು ವ್ರತಸ್ಥ, ಪತ್ನಿಯು ಅಡಿಗೆಮನೆಯಲ್ಲಿ ಎಂಬ ವಿಭಾಗವನ್ನು ಭಾಗವತವು ಅಲ್ಲಿ ಹೇಳಿಲ್ಲ.

ಆದ್ದರಿಂದ ಯುವ ದಂಪತಿಗಳಿಗೆ ನಾವು ಹೇಳುವುದು ಇಷ್ಟೇ. ಯುಗಾದಿಯಂದು ಪಂಚಾಂಗ ಶ್ರವಣವಾದ ಮೇಲೆ ಇಬ್ಬರೂ ಕೂಡಿ ಕುಳಿತುಕೊಳ್ಳಿರಿ. ವರ್ಷದ ಏಕಾದಶಿಗಳನ್ನು, ಎರಡೂ ಕಡೆಯ ಹಿರಿಯರ ಶ್ರಾದ್ಧತಿಥಿಗಳನ್ನು, ಮಗುವಿನ ಜನ್ಮನಕ್ಷತ್ರವನ್ನು, ನಿಮ್ಮ ವಿವಾಹತಿಥಿಯನ್ನು ಅಂದೇ ಗುರುತುಮಾಡಿಕೊಳ್ಳಿರಿ. ಮೊದಲೇ ಕೂಡಿ ನಿಶ್ಚಯಿಸಿದರೆ ಕೊನೆಯ ಘಳಿಗೆಯಲ್ಲಿ ಮನಸ್ತಾಪಕ್ಕೆ ಎಡೆಯಿರದು. ವಿವಾಹದಿನ ಬೆಳಿಗ್ಗೆ ದೀಪವನ್ನು ಹಚ್ಚಿರಿ. ಉರಿಯುವ ದೀಪವನ್ನು ಊದಿ ಆರಿಸುವ ಸಂಭ್ರಮವು ನಮ್ಮದಲ್ಲ. ಲಕ್ಷ್ಮೀನಾರಾಯಣರಿಗೆ ತುಲಸಿಯನ್ನು ಏರಿಸಿ, ಒಂದು ಸಿಹಿಯನ್ನು ನಿವೇದಿಸಿರಿ. ಎರಡೂ ಮನೆಯ ಹಿರಿಯರಿಗೆ ಫೋನಿನಲ್ಲಾದರೂ ನಮಸ್ಕಾರ ತಿಳಿಸಿರಿ. ಅನುಕೂಲವಿದ್ದರೆ ಒಬ್ಬ ವೃದ್ಧ ದಂಪತಿಗಳನ್ನು ಕರೆದು ಊಟವಿಕ್ಕಿರಿ. ಅಂದಿನ ಅಡಿಗೆಗೆ ಪತಿಯೂ ಕೈಗೂಡಿಸಲಿ. ಸಂಜೆ ಇಬ್ಬರೇ ತಿರುಗಾಡಿ ಬರುವುದಕ್ಕೆ ಯಾವ ಶಾಸ್ತ್ರದ ಅಡ್ಡಿಯೂ ಇಲ್ಲ.

ಕನ್ಯಾದಾನದಲ್ಲಿ ವರನನ್ನು ಪೂಜಿಸಿದ್ದು ಅವನೊಳಗಿರುವ, ಭಾರತೀರಮಣ ಮುಖ್ಯಪ್ರಾಣಾಂತರ್ಗತ ಲಕ್ಷ್ಮೀನಾರಾಯಣನನ್ನು ಚಿಂತಿಸಿ. ಮಹಾಲಕ್ಷ್ಮಿಯು ದೇಶದಿಂದಾಗಲಿ ಕಾಲದಿಂದಾಗಲಿ ಸ್ವಾಮಿಯನ್ನು ಎಂದೂ ಅಗಲದ ನಿತ್ಯಾವಿಯೋಗಿನಿ. ಜೀವರಾದ ನಮಗೆ ಅಂತಹ ಯೋಗವಿಲ್ಲ. ಬೆಳಿಗ್ಗೆ ಒಂದು ದಿಕ್ಕಿಗೆ ಒಬ್ಬರು, ಇನ್ನೊಂದು ದಿಕ್ಕಿಗೆ ಒಬ್ಬರು ಹೋಗಿ ರಾತ್ರಿ ದಣಿದು ಸೇರುವ ಸಂಸಾರ ನಮ್ಮದು. ಇಬ್ಬರೊಳಗೂ ಇರುವವನು ಒಬ್ಬನೇ ಎಂಬ ಅನುಸಂಧಾನವಿದ್ದರೆ ಆ ಅಗಲಿಕೆಯು ಬಾಧಿಸದು. ವರ್ಷಕ್ಕೊಮ್ಮೆ ಬರುವ ವಿವಾಹದಿನವು ಆ ಅನುಸಂಧಾನವನ್ನು ಹೊಸದಾಗಿಸಲಿ. ಹರಿವಾಯುಗುರುಗಳು ನಗರವಾಸಿಗಳಾದ ನಮ್ಮೆಲ್ಲ ದಂಪತಿಗಳನ್ನೂ ಮಕ್ಕಳನ್ನೂ ಅನುಗ್ರಹಿಸಲೆಂದು ಪ್ರಾರ್ಥಿಸುತ್ತೇವೆ.

ಶ್ರೀಕೃಷ್ಣಾರ್ಪಣಮಸ್ತು