ಕಾಗೆ ಮುಟ್ಟಿದೆ

ಕಳೆದ ತಿಂಗಳು ಒಂದು ಬುಧವಾರ, ಬೆಳಗಿನ ಟೀಮ್ ಮೀಟಿಂಗ್ ನಡೆಯುತ್ತಿರುವಾಗ ಅಕ್ಕನ ಫೋನು. ಎರಡು ಸಲ ಕಟ್ ಮಾಡಿದೆ. ಮೂರನೇ ಸಲ ಎತ್ತಿದರೆ ದನಿಯಲ್ಲಿ ಅಳುವೂ ಇತ್ತು, ನಗುವೂ ಇತ್ತು. "ಪುಟ್ಟಿ ದೊಡ್ಡವಳಾದಳು ಕಣೋ. ಸೋದರಮಾವ ಅಂತ ಇರೋದು ನೀನೊಬ್ಬನೇ. ಭಾನುವಾರ ಬಂದು ಗುಡ್ಲು ಹಾಕ್ಬೇಕು."

ನಮ್ಮ ಮಂಡ್ಯದ ಕಡೆ ಹುಡುಗಿ ಮೈನೆರೆದರೆ ತಾಯಿಯ ತಮ್ಮನೋ ಅಣ್ಣನೋ ಹಸಿ ಸೊಪ್ಪು ಕಡಿದು ತಂದು, ಪುಟ್ಟ ಗುಡಿಸಲು ಹಾಕಿ, ಹುಡುಗಿಯನ್ನು ಅದರಲ್ಲಿ ಕೂರಿಸಬೇಕು. ಹೆಂಗಸರು ಸೋಬಾನೆ ಹಾಡಿ ಆರತಿ ಎತ್ತುತ್ತಾರೆ. ಕೊಬ್ಬರಿ, ಬೆಲ್ಲ, ತುಪ್ಪ, ಎಳ್ಳು ಕುಟ್ಟಿದ ಚಿಗಳಿ ತಿನ್ನಿಸುತ್ತಾರೆ. ಈಗ ಸೊಪ್ಪಿನ ಜಾಗಕ್ಕೆ ಪ್ಲಾಸ್ಟಿಕ್ ಹೂವು ಬಂದಿದೆ, ಮನೆಯಂಗಳದ ಜಾಗಕ್ಕೆ ಕಲ್ಯಾಣ ಮಂಟಪ ಬಂದಿದೆ. ಸೋದರಮಾವ ಮಾತ್ರ ಬದಲಾಗಿಲ್ಲ.

ಸೋಮವಾರ ಅರ್ಧ ದಿನ ರಜೆ ಬೇಕಿತ್ತು. ಕಾರಣ ಬರೆಯುವ ಜಾಗದಲ್ಲಿ ಸ್ವಲ್ಪ ಹೊತ್ತು ಕರ್ಸರ್ ಮಿಟುಕಿಸುತ್ತಾ ನಿಂತಿತ್ತು. 'ಫ್ಯಾಮಿಲಿ ಫಂಕ್ಷನ್' ಎಂದು ಬರೆದೆ. ಮ್ಯಾನೇಜರ್ "ಮದುವೆನಾ?" ಅಂದರು. "ಹೂಂ, ಹಾಗೇ ಒಂಥರಾ" ಅಂದೆ. ಈ ವಿಷಯದಲ್ಲಿ ಮೊದಲ ಸುಳ್ಳು ನನ್ನದೇ.

ಭಾನುವಾರ ಮಂಟಪದ ಬಾಗಿಲಲ್ಲಿ ಆಳೆತ್ತರದ ಫ್ಲೆಕ್ಸ್. ಅದರಲ್ಲಿ ಪುಟ್ಟಿ ರೇಷ್ಮೆ ಲಂಗ ತೊಟ್ಟು ನಗುತ್ತಿದ್ದಳು. ಫ್ಲೆಕ್ಸ್ ಮಾಡಿದವನು ಯಾರೂ ಕೇಳದಿದ್ದರೂ ಅವಳ ಬಣ್ಣ ತಿಳಿ ಮಾಡಿದ್ದ. ಕೆನ್ನೆಯ ಮೊಡವೆ ಅಳಿಸಿದ್ದ. ಒಳಗೆ ಹೋದರೆ ನಿಜವಾದ ಪುಟ್ಟಿ ಗುಡ್ಲಿನ ಪಕ್ಕ ಕುರ್ಚಿಯಲ್ಲಿ ಮುದುಡಿ ಕೂತಿದ್ದಳು. ಹದಿಮೂರು ವರ್ಷ. ಮೊನ್ನೆ ಮೊನ್ನೆವರೆಗೂ ನನ್ನ ಬೆನ್ನೇರಿ ಕುಣಿಯುತ್ತಿದ್ದವಳು ನನ್ನ ಮುಖ ನೋಡಲಿಲ್ಲ. ಫೋಟೋ ಚೆನ್ನಾಗಿದೆ ಕಣೇ ಅಂದೆ. "ಅದು ನಾನಲ್ಲ ಮಾವ" ಅಂದಳು. ಆಮೇಲೆ ತೀರ ಸಣ್ಣ ದನಿಯಲ್ಲಿ ಕೇಳಿದಳು: "ಇದನ್ನ ಎಲ್ಲರಿಗೂ ಯಾಕೆ ಹೇಳ್ಬೇಕು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಪೂರ್ತಿ ಇಲ್ಲ. ಆದರೆ ಮಕ್ಕಳಿಗೆ ಲೈಂಗಿಕತೆಯ ಬಗ್ಗೆ ಹೇಳಿಕೊಡಬೇಕೇ ಬೇಡವೇ ಎಂದು ನಾವು ವರ್ಷಗಟ್ಟಲೆ ಎಳೆದಾಡುತ್ತಿರುವ ವಾದದ ಗಂಟು ಆ ಒಂದು ಪ್ರಶ್ನೆಯಲ್ಲಿದೆ ಅಂತ ಅನ್ನಿಸಿಬಿಟ್ಟಿದೆ.

ಬೇಡ ಅನ್ನುವವರ ಮಾತು ಗೊತ್ತಿರುವುದೇ. ನಮ್ಮ ಸಂಸ್ಕೃತಿಗೆ ಅದು ಒಗ್ಗಲ್ಲ, ಮಕ್ಕಳ ನಾಚಿಕೆ ಹೊರಟುಹೋಗುತ್ತೆ. 2007ರಲ್ಲಿ ಕೇಂದ್ರದ ಹದಿಹರೆಯದ ಶಿಕ್ಷಣ ಕಾರ್ಯಕ್ರಮವನ್ನು ಹಲವು ರಾಜ್ಯಗಳು ಬೇಡವೆಂದವು. ಮಹಾರಾಷ್ಟ್ರ, ಗುಜರಾತ್, ಮಧ್ಯಪ್ರದೇಶದ ಜೊತೆ ಕರ್ನಾಟಕವೂ ಇತ್ತು. ಆಗ ಕೇಳಿಬಂದದ್ದೂ ಇದೇ ವಾದ. (ಇಂಥ ಚರ್ಚೆಯಲ್ಲಿ ಯಾರಾದರೊಬ್ಬರು ಖಜುರಾಹೋವನ್ನು ತಂದೇ ತರುತ್ತಾರೆ. ನಾನು ತರುವುದಿಲ್ಲ. ಕಲ್ಲಿನ ಶಿಲ್ಪ ನೋಡಿ ಯಾರಿಗೂ ಮುಟ್ಟಿನ ಹೊಟ್ಟೆನೋವಿನ ಬಗ್ಗೆ ತಿಳಿಯಲಿಲ್ಲ.) ತಮಾಷೆ ಏನೆಂದರೆ, ಇದೇ ನಾಡಿನಲ್ಲಿ 1930ರಷ್ಟು ಹಿಂದೆಯೇ ಮೈಸೂರು ಸಂಸ್ಥಾನದ ಸರ್ಕಾರ ತನ್ನ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಚಿಕಿತ್ಸಾಲಯ ತೆರೆಯಲು ಆದೇಶ ಹೊರಡಿಸಿತ್ತು. ಡಾಕ್ಟರೂ ಕಾದಂಬರಿಕಾರ್ತಿಯೂ ಆಗಿದ್ದ ಅನುಪಮಾ ನಿರಂಜನ 'ಕೇಳು ಕಿಶೋರಿ' ಎಂಬ ಪುಸ್ತಕವನ್ನು ಹದಿಹರೆಯದ ಹುಡುಗಿಯರಿಗಾಗಿಯೇ ಕನ್ನಡದಲ್ಲಿ ಬರೆದರು. ಅವರು ತೀರಿಕೊಂಡದ್ದು 1991ರಲ್ಲಿ. ಅಂದರೆ ನಮ್ಮ ಅಮ್ಮಂದಿರ ಕಾಲದಲ್ಲೇ ಹೇಳುವವರಿದ್ದರು. ನಮ್ಮ ಮನೆಗೆ ಆ ಪುಸ್ತಕ ಬರಲಿಲ್ಲ, ಅಷ್ಟೆ.

ನಮ್ಮ ಮನೆಗೆ ಬಂದದ್ದು ಕಾಗೆ. ನನಗೆ ಎಂಟೋ ಒಂಬತ್ತೋ ಇದ್ದಾಗ ಅಕ್ಕ ತಿಂಗಳಲ್ಲಿ ಮೂರು ದಿನ ಹಿತ್ತಿಲ ಬಾಗಿಲ ಹತ್ತಿರ ಬೇರೆ ಚಾಪೆಯಲ್ಲಿ ಕೂರುತ್ತಿದ್ದಳು. ಯಾಕಮ್ಮ ಅಂದರೆ "ಅವಳನ್ನ ಕಾಗೆ ಮುಟ್ಟಿದೆ" ಅನ್ನುತ್ತಿದ್ದರು. ನಾನು ನಂಬಿದೆ. ಒಂದು ಬೇಸಿಗೆಯಿಡೀ ಅಕ್ಕ ಬಟ್ಟೆ ಒಣಹಾಕಲು ಹೋದಾಗ ಕವಣೆ ಹಿಡಿದು ಹಿಂದೆ ಹಿಂದೆ ಹೋಗಿ ಕಾಗೆ ಓಡಿಸಿದ್ದೇನೆ. ಎಷ್ಟೇ ಕಾದರೂ ಯಾವುದೋ ಒಂದು ಕಾಗೆ ಕಣ್ಣು ತಪ್ಪಿಸಿ ಮುಟ್ಟಿಬಿಡುತ್ತಿತ್ತು. ಈಗ ಈ ಕಥೆ ಹೇಳಿದರೆ ಅಕ್ಕ ನಗುತ್ತಾಳೆ. ಆಗ ಅವಳು ನಕ್ಕಿರಲಿಲ್ಲ, ತಲೆ ತಗ್ಗಿಸಿ ಕೂತಿರುತ್ತಿದ್ದಳು. ತನ್ನ ಮೈಗೆ ಏನೋ ಅಂಟಿದೆ, ಮನೆಯವರೆಲ್ಲ ದೂರ ಕೂರಿಸುವಂಥದ್ದು ಅಂಟಿದೆ ಎಂಬುದೇ ಅವಳಿಗೆ ಸಿಕ್ಕ ಮೊದಲ ಪಾಠ.

ಇಲ್ಲಿ ಎರಡು ಪದಗಳನ್ನು ಬೇರೆ ಬೇರೆ ಮಾಡಬೇಕು ಅನಿಸುತ್ತೆ: ನಾಚಿಕೆ ಮತ್ತು ಹೇಸಿಗೆ. ನಾಚಿಕೆ ಕೆಟ್ಟದ್ದಲ್ಲ. ಅದು ನನ್ನ ಕೋಣೆಯ ಬಾಗಿಲಿಗೆ ನಾನೇ ಹಾಕಿಕೊಳ್ಳುವ ಪರದೆ. ಯಾರಿಗೆ ಸರಿಸಬೇಕು, ಯಾವಾಗ ಸರಿಸಬೇಕು, ಸರಿಸಲೇಬಾರದೇ ಎನ್ನುವುದು ನನಗೆ ಬಿಟ್ಟದ್ದು. ಹೇಸಿಗೆ ಹಾಗಲ್ಲ. ಅದನ್ನು ಬೇರೆಯವರು ತಂದು ನಮ್ಮ ಮೈಮೇಲೆ ಸುರಿಯುತ್ತಾರೆ, ನಾವು ಅದು ನಮ್ಮದೇ ವಾಸನೆ ಅಂದುಕೊಂಡು ಬೆಳೆಯುತ್ತೇವೆ. ಪುಟ್ಟಿ ಅವತ್ತು ಕೇಳಿದ್ದು ನಾಚಿಕೆಯ ಹಕ್ಕನ್ನು. ಇದು ನನ್ನ ವಿಷಯ, ಊರಿಗೆಲ್ಲ ಯಾಕೆ? ನಾವು ಏನು ಮಾಡಿದೆವು? ಸಂಸ್ಕೃತಿ ಉಳಿಸುವ ಹುಮ್ಮಸ್ಸಿನಲ್ಲಿ ಫ್ಲೆಕ್ಸ್ ಹಾಕಿಸಿದೆವು, ವಾಟ್ಸಾಪ್‌ನಲ್ಲಿ ಇನ್ವಿಟೇಷನ್ ಕಳಿಸಿದೆವು. ಶಾಲೆಯಲ್ಲಿ ಟೀಚರ್ ಪಾಠ ಮಾಡಿದರೆ ಹೊರಟುಹೋಗುವ ನಾಚಿಕೆ, ನಾನ್ನೂರು ಜನ ಊಟ ಮಾಡಿ ಕವರ್ ಕೊಟ್ಟು ಹೋದರೆ ಉಳಿಯುತ್ತದೆಯೇ? ಇಷ್ಟೆಲ್ಲ ಜನಕ್ಕೆ ಗೊತ್ತಾದ ವಿಷಯವನ್ನು ಆ ಹುಡುಗಿಗೆ ಮಾತ್ರ ಯಾರೂ ಕೂರಿಸಿಕೊಂಡು ವಿವರಿಸಿರಲಿಲ್ಲ. ಪ್ಯಾಡ್ ಹಾಕುವುದನ್ನು ತೋರಿಸಿದ್ದು ಪಕ್ಕದ ಮನೆಯ ಡಿಗ್ರಿ ಓದುವ ಹುಡುಗಿ.

ಹಾಗಂತ ಶಾಸ್ತ್ರವೇ ಬೇಡ ಅಂತ ನಾನು ಹೇಳುತ್ತಿಲ್ಲ. ಮೈ ಬದಲಾದದ್ದಕ್ಕೆ ಹಾಡು ಹೇಳಿ, ಎಳ್ಳು ಬೆಲ್ಲ ತಿನ್ನಿಸಿ ಸಂಭ್ರಮಪಡುವುದು ಕಾಗೆಯ ಕಥೆಗಿಂತ ಎಷ್ಟೋ ಮೇಲು. ಆದರೆ ಸಂಭ್ರಮ ಯಾರದು, ಅವಳನ್ನು ಕೇಳಿದ್ದೀರಾ ಎನ್ನುವುದಷ್ಟೇ ನನ್ನ ತಕರಾರು.

ಈಗ ನನ್ನ ತಪ್ಪಿನ ಕಡೆ ಬರುತ್ತೇನೆ. ಊಟದ ಹೊತ್ತಿಗೆ ದೊಡ್ಡಮ್ಮ ಬಂದು "ಇನ್ಮೇಲೆ ಸ್ವಲ್ಪ ಮೈ ಇಳಿಸೇ, ಹೀಗೇ ಇದ್ರೆ ಯಾರು ಕೊಂಡ್ಹೋಗ್ತಾರೆ" ಅಂದರು. ಇನ್ನೊಬ್ಬರು ಕಡಲೆಹಿಟ್ಟು ಹಚ್ಚಿದರೆ ಬಣ್ಣ ಬರುತ್ತೆ ಅಂದರು. ನನಗೆ ಸಿಟ್ಟು ಬಂತು, ಏನೋ ಹೇಳಲು ಬಾಯಿ ತೆರೆದೆ. ಆಗಲೇ ನೆನಪಾಯಿತು, ಅವಳನ್ನು ಐದು ವರ್ಷದವಳಿದ್ದಾಗಿನಿಂದ 'ಡುಮ್ಮಿ' ಅಂತ ಕರೆಯುತ್ತಿರುವವನು ನಾನೇ. ಮುದ್ದಿಗೇ ಕರೆದದ್ದು. ದೊಡ್ಡಮ್ಮನದೂ ಮುದ್ದೇ ಇರಬಹುದು. ಪುಟ್ಟಿ ಕೆಲವು ತಿಂಗಳಿಂದ ರಾತ್ರಿ ಊಟ ಬಿಡುತ್ತಿದ್ದಾಳೆ ಅಂತ ಅಕ್ಕ ಹಿಂದೊಮ್ಮೆ ಹೇಳಿದ್ದಳು. ನಾನು "ಡಯಟ್ಟಾ? ಒಳ್ಳೇದೇ ಬಿಡು" ಎಂದು ನಕ್ಕಿದ್ದೆ.

1975ರಿಂದ ಈ ದೇಶದಲ್ಲಿ ಮಾರಾಟವಾದ ಒಂದು ಕ್ರೀಮು 2020ರಲ್ಲಿ ತನ್ನ ಹೆಸರಿನಿಂದ 'ಫೇರ್' ತೆಗೆದು 'ಗ್ಲೋ' ಸೇರಿಸಿಕೊಂಡಿತು. ನಾವೆಲ್ಲ ಅದನ್ನು ಹಂಚಿಕೊಂಡು ಖುಷಿಪಟ್ಟೆವು. ಮನೆಯ ಊಟದ ಮೇಜಿನಲ್ಲಿ ನಾವು ಇಟ್ಟ ಹೆಸರುಗಳನ್ನು ಬದಲಾಯಿಸಿಕೊಳ್ಳುವುದು ಮಾತ್ರ ನೆನಪಾಗಲಿಲ್ಲ. ನಾವು ಮಕ್ಕಳಿಗೆ ಲೈಂಗಿಕತೆಯ ಪಾಠ 'ಶುರು ಮಾಡಬೇಕೇ' ಎಂದು ಕೇಳಿಕೊಳ್ಳುತ್ತೇವೆ. ಅದು ಶುರುವಾಗಿ ವರ್ಷಗಳೇ ಆಗಿರುತ್ತವೆ. ಮಗು ಬೇಡ ಅಂತ ಹಿಂಜರಿದರೂ "ಹೋಗು, ಮಾವಂಗೆ ಮುತ್ತು ಕೊಡು" ಎಂದು ತಳ್ಳಿದಾಗ ಒಂದು ಪಾಠ ಆಗಿರುತ್ತದೆ. ಕಪ್ಪು, ದಪ್ಪ, ಕುಳ್ಳಿ ಎಂದಾಗ ಇನ್ನೊಂದು. ನಿನ್ನ ಮೈ ನೋಡುವವರದು, ನಿನ್ನದಲ್ಲ ಎಂದು ಹೀಗೆ ಹತ್ತು ವರ್ಷ ಕಲಿಸಿ, ಹದಿಮೂರಕ್ಕೆ "ಯಾರಾದ್ರೂ ಮುಟ್ಟಿದ್ರೆ ಬೇಡ ಅನ್ನು" ಅಂದರೆ ಆ ಬೇಡ ಎಲ್ಲಿಂದ ಬರಬೇಕು?

ಅಕ್ಕನಿಗೆ ಇದನ್ನು ಹೇಳಿದಾಗ ಅವಳು ಒಪ್ಪಿದಳು, ಅರ್ಧ. "ಮೈ ವಿಷಯ ಹೇಳೋಣ. ಮಿಕ್ಕಿದ್ದು ಹೇಳಿಕೊಟ್ರೆ ಮಾಡೋಕೆ ಹೋಗ್ತಾರೆ ಕಣೋ." ಇದು ಪ್ರಾಮಾಣಿಕ ಭಯ, ನಗುವ ಮಾತಲ್ಲ. ಯುನೆಸ್ಕೋ 2018ರಲ್ಲಿ ಪರಿಷ್ಕರಿಸಿದ ತನ್ನ ಮಾರ್ಗದರ್ಶಿಯಲ್ಲಿ ಅನೇಕ ದೇಶಗಳ ಅಧ್ಯಯನಗಳನ್ನು ಒಟ್ಟುಹಾಕಿ, ಇಂಥ ಶಿಕ್ಷಣದಿಂದ ಮಕ್ಕಳ ಲೈಂಗಿಕ ಚಟುವಟಿಕೆ ಹೆಚ್ಚುವುದಿಲ್ಲ ಎಂದಿದೆ. ಅದನ್ನು ಅವಳಿಗೆ ಹೇಳಿದೆ. ಅವಳು "ಯುನೆಸ್ಕೋದವ್ರು ನಮ್ಮ ಬೀದಿಗೆ ಬಂದಿದ್ರಾ?" ಅಂದಳು. ಆಗ ನಾನು ಅವಳ ಮಗನ ಕಡೆ ಕೈ ತೋರಿಸಿದೆ.

ಮಗನಿಗೆ ಹದಿನಾರು. ಫಸ್ಟ್ ಪಿಯುಸಿ, ಬೆಂಗಳೂರಿನಲ್ಲಿ ನನ್ನ ಜೊತೆಗೇ ಇದ್ದಾನೆ. ಶಾಸ್ತ್ರದ ಹೊತ್ತಿಗೆ ಅವನನ್ನು ನೀರಿನ ಕ್ಯಾನ್ ತರಲು ಕಳಿಸಿದ್ದರು, ನನ್ನನ್ನು ಆಗ ಕಳಿಸುತ್ತಿದ್ದ ಹಾಗೇ. ಅವನ ದನಿ ಒಡೆಯಿತು, ಮೀಸೆ ಬಂತು, ಯಾರೂ ಆರತಿ ಎತ್ತಲಿಲ್ಲ, ಯಾರೂ ಒಂದು ಮಾತೂ ಆಡಲಿಲ್ಲ. ಯಾರೂ ಹೇಳದಿದ್ದರೆ ಆ ಜಾಗ ಖಾಲಿ ಉಳಿಯುತ್ತದೆಯೇ? ನಮ್ಮ ಕಾಲದಲ್ಲಿ ಅದನ್ನು ತುಂಬಿದ್ದು ಬಸ್ ಸ್ಟ್ಯಾಂಡ್ ಗೋಡೆಯ 'ಗುಪ್ತ ಸಮಸ್ಯೆ' ಜಾಹೀರಾತು. ರಾತ್ರಿ ನಿದ್ದೆಯಲ್ಲಿ ಆಗುವ ಸಹಜ ಸ್ಖಲನಕ್ಕೆ ಹೆದರಿ, ಧಾತು ಸೋರಿಹೋಗಿ ಸಾಯುತ್ತೇನೆಂದು ತಿಂಗಳುಗಟ್ಟಲೆ ಬಾದಾಮಿ ತಿಂದ ರೂಮ್‌ಮೇಟ್ ನನಗಿದ್ದ. ಈ ಭಯಕ್ಕೆ ಮನೋವೈದ್ಯರ ಪುಸ್ತಕದಲ್ಲಿ 1960ರಿಂದಲೇ ಒಂದು ಹೆಸರಿದೆ, 'ಧಾತ್ ಸಿಂಡ್ರೋಮ್'. ಈಗಿನ ಹುಡುಗರಿಗೆ ಗೋಡೆ ಬೇಕಿಲ್ಲ, ಫೋನ್ ಇದೆ. ಹೇಳಿಕೊಟ್ಟರೆ ಕೆಡುತ್ತಾರೆ ಅನ್ನುವುದು, ಬೇರೆ ಯಾರೂ ಹೇಳಿಕೊಡುತ್ತಿಲ್ಲ ಎಂದಿದ್ದರೆ ಮಾತ್ರ ವಾದವಾದೀತು.

ಕಾನೂನಿನ ವಿಷಯವೂ ಇದೆ. 2012ರ ಪೋಕ್ಸೊ ಕಾಯ್ದೆ ಪ್ರಕಾರ ಹದಿನೆಂಟು ತುಂಬದವರು ಕೊಟ್ಟ ಸಮ್ಮತಿ ಸಮ್ಮತಿಯೇ ಅಲ್ಲ. ಹದಿನಾರರ ಹುಡುಗಿ, ಹದಿನೆಂಟು ದಾಟಿದ ಹುಡುಗ ಪರಸ್ಪರ ಇಷ್ಟಪಟ್ಟು ಮನೆ ಬಿಟ್ಟರೂ ಹುಡುಗ ಜೈಲಿಗೆ ಹೋಗುತ್ತಾನೆ. 2022ರಲ್ಲಿ ಕರ್ನಾಟಕ ಹೈಕೋರ್ಟಿನ ಧಾರವಾಡ ಪೀಠ ಈ ವಯಸ್ಸಿನ ಮಿತಿಯನ್ನು ಕಾನೂನು ಆಯೋಗ ಮರುಚಿಂತಿಸಬೇಕು ಎಂದಿತು, 9ನೇ ತರಗತಿಯಿಂದ ಮೇಲಿನ ಮಕ್ಕಳಿಗೆ ಈ ಕಾನೂನನ್ನು ತಿಳಿಸಬೇಕು ಎಂದೂ ಹೇಳಿತು. ಆಯೋಗ ಮರುವರ್ಷ ಹದಿನೆಂಟೇ ಇರಲಿ ಎಂದಿತು. ಸರಿಯೋ ತಪ್ಪೋ, ಕಾನೂನು ಇರುವುದು ಹೀಗೆ. ನಮ್ಮ ಹುಡುಗನಿಗೆ ಇದು ಗೊತ್ತಾ ಅಂತ ಅಕ್ಕನನ್ನು ಕೇಳಿದೆ. ಅವಳಿಗೇ ಗೊತ್ತಿರಲಿಲ್ಲ. ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವನಿಗೆ ನೀನೇ ಹೇಳು. ನನ್ನ ಬಾಯಲ್ಲಿ ಬರಲ್ಲ" ಅಂದಳು.

ಬರುವುದಿಲ್ಲ, ನಿಜ. ನನ್ನ ಬಾಯಲ್ಲೂ ಬರುವುದಿಲ್ಲ. ಕನ್ನಡದಲ್ಲಿ ಈ ಅಂಗಗಳಿಗೆ ಒಂದೋ ಪಠ್ಯಪುಸ್ತಕದ ಸಂಸ್ಕೃತ ಇದೆ, ಇಲ್ಲ ಬೀದಿಜಗಳದ ಬೈಗುಳ ಇದೆ. ಮಗನ ಜೊತೆ ಕೂತು ಆಡಬಹುದಾದ ಮಾತು ಎರಡರ ನಡುವೆ ಎಲ್ಲೋ ಕಳೆದುಹೋಗಿದೆ. ಅದಕ್ಕೇ ನಾವು ಇಂಗ್ಲಿಷಿಗೆ ಜಿಗಿಯುತ್ತೇವೆ. ಅಲ್ಲಿ ನಾಚಿಕೆ ಕಡಿಮೆ, ಯಾಕೆಂದರೆ ಅಲ್ಲಿ ನಾವೂ ಕಡಿಮೆ. ಕೈಗವಸು ತೊಟ್ಟು ಹಿಡಿದ ಹಾಗೆ. ಕೈಗವಸಾದರೂ ಪರವಾಗಿಲ್ಲ ಎನ್ನುವ ಹಂತಕ್ಕೆ ನಾನು ಬಂದಿದ್ದೇನೆ.

ಹೊರಡುವ ಮುಂಚೆ ಪುಟ್ಟಿಯ ಹತ್ತಿರ ಹೋಗಿ "ಡುಮ್ಮಿ ಅಂತ ಕರೀತಿದ್ದೆನಲ್ಲ, ಅದು ತಪ್ಪಾಯ್ತು. ಇನ್ಮೇಲೆ ಕರೆಯಲ್ಲ" ಅಂದೆ. ಅಪ್ಪಿಕೊಂಡು ಅಳುತ್ತಾಳೆ ಅಂದುಕೊಂಡಿದ್ದೆ. ಅವಳು "ಈಗ ಹೇಳಿದ್ಯಲ್ಲ" ಅಂದಳು, ಒಂದು ಚಿಗಳಿ ಬಾಯಿಗೆ ಹಾಕಿಕೊಂಡಳು. ಕ್ಷಮಿಸಿದಳೋ ಇಲ್ಲವೋ ಗೊತ್ತಿಲ್ಲ. ಕೇಳಲಿಲ್ಲ.

ಸೋಮವಾರ ಬೆಳಗಿನ ಜಾವ ಹುಡುಗನನ್ನು ಕೂರಿಸಿಕೊಂಡು ಬೆಂಗಳೂರಿಗೆ ಹೊರಟೆ. ರಾಮನಗರ ದಾಟುವವರೆಗೂ ಅವನು ಫೋನಿನಲ್ಲಿ, ನಾನು ಏನು ಹೇಳಲಿ ಹೇಗೆ ಹೇಳಲಿ ಅನ್ನುವುದರಲ್ಲಿ. ಕಾನೂನಿನಿಂದ ಶುರು ಮಾಡಿದೆ, ಅದು ಸುಲಭ. ಹದಿನೆಂಟರ ಕಥೆ ಕೇಳಿ ಅವನು ಫೋನ್ ಕೆಳಗಿಟ್ಟ. ಸ್ವಲ್ಪ ದೂರ ಹೋದ ಮೇಲೆ ಕಿಟಕಿ ಕಡೆ ಮುಖ ಮಾಡಿ ಕೇಳಿದ: "ಮಾವ, ವಿಡಿಯೋಲಿ ತೋರಿಸ್ತಾರಲ್ಲ, ನಿಜವಾಗ್ಲೂ ಎಲ್ಲರೂ ಹಾಗೇ ಇರ್ತಾರಾ?"

ಎಕ್ಸ್‌ಪ್ರೆಸ್‌ವೇ ಬಿಟ್ಟು ಬಿಡದಿ ಕಡೆ ಇಳಿಸಿದೆ. ತಟ್ಟೆ ಇಡ್ಲಿ ಮುಂದಿಟ್ಟುಕೊಂಡರೆ ಮಾತು ಸುಲಭವಾದೀತು ಅನಿಸಿತು. "ನಮ್ಮ ಹೀರೋ ಒಬ್ಬನೇ ಇಪ್ಪತ್ತು ಜನರನ್ನ ಹೊಡೀತಾನಲ್ಲ, ಅಷ್ಟೇ ನಿಜ ಅದು. ಮೈಯೂ ಹಾಗೇ, ಆರಿಸಿ ತಂದಿರ್ತಾರೆ. ಯಾರಿಗೆ ಇಷ್ಟ ಇತ್ತು, ಯಾರಿಗೆ ಇರಲಿಲ್ಲ ಅಂತ ಅದರಲ್ಲಿ ತಿಳಿಯಲ್ಲ. ನಿಜದಲ್ಲಿ ಅದನ್ನೇ ಮೊದಲು ಕೇಳಿ ತಿಳ್ಕೋಬೇಕು. ಬೇಡ ಅಂದ್ರೆ ಬೇಡ. ಸುಮ್ಮನಿದ್ರೂ ಬೇಡ ಅಂತಲೇ."

"ಹಾಗೆಲ್ಲ ಕೇಳೋಕೆ ನಾಚಿಕೆ ಆಗಲ್ವಾ?"

"ಆಗುತ್ತೆ" ಅಂದೆ. "ಈಗ ನನಗೆ ಆಗ್ತಿಲ್ವಾ?"

ಅವನು ನನ್ನ ಮುಖ ನೋಡಿ ನಕ್ಕ. ಆಮೇಲೆ ಚಟ್ನಿ ಇನ್ನೊಂದು ಸಲ ಹಾಕಿಸಿಕೊಂಡು, "ಇನ್ನೊಂದು ಕೇಳ್ಲಾ?" ಅಂದ. ಅವತ್ತು ಆಫೀಸಿಗೆ ಅರ್ಧ ದಿನದ ರಜೆ ಸಾಲಲಿಲ್ಲ.