ಯಾರೂ ಇಲ್ಲದ ಕಡೆ

ಮನುಷ್ಯನ ನಡತೆಗೆ ಎರಡು ಪರೀಕ್ಷೆಗಳುಂಟು. ಒಂದು ಜನರ ನಡುವೆ ನಡೆಯುವುದು. ಇನ್ನೊಂದು ಜನರಿಲ್ಲದ ಕಡೆ ನಡೆಯುವುದು. ಮೊದಲನೆಯದರಲ್ಲಿ ನಮ್ಮಲ್ಲಿ ಬಹುಮಂದಿ ತೇರ್ಗಡೆಯಾಗುತ್ತೇವೆ. ನೆರೆಹೊರೆಯವರ ಕಣ್ಣು, ಕಚೇರಿಯ ಮೇಲಧಿಕಾರಿಯ ಕಣ್ಣು, ಬಂಧುಬಳಗದ ನಾಲಗೆ, ಇವು ನಮ್ಮನ್ನು ಹದ್ದುಬಸ್ತಿನಲ್ಲಿ ಇಟ್ಟಿರುತ್ತವೆ. ಎರಡನೆಯ ಪರೀಕ್ಷೆಗೆ ಕುಳಿತುಕೊಳ್ಳುವ ಪ್ರಸಂಗ ಮಹಾನಗರದಲ್ಲಿ ವಾಸಿಸುವ ನಮಗೆ ಅಪರೂಪ. ಅಂಥ ಪ್ರಸಂಗವೊಂದು ಕಳೆದ ಬೇಸಿಗೆಯ ರಜೆಯಲ್ಲಿ ನನಗೆ ಒದಗಿತು. ಅದರಲ್ಲಿ ನಾನು ತೇರ್ಗಡೆಯಾಗಲಿಲ್ಲ. ನವರಾತ್ರಿಯ ಈ ಪುಣ್ಯಕಾಲದಲ್ಲಿ ಅದನ್ನು ಸಹೃದಯರ ಮುಂದೆ ನಿವೇದಿಸಿಕೊಳ್ಳುವುದು ಅನುಚಿತವಾಗಲಾರದೆಂದು ನಂಬಿದ್ದೇನೆ.

ನಮ್ಮ ಮನೆ ಕಾಸಿಮೇಡಿನ ಮೀನುಗಾರಿಕೆ ಬಂದರಿಗೆ ಸಮೀಪದಲ್ಲಿದೆ. ನಸುಕಿಗೆ ಮುಂಚೆಯೇ ಹರಾಜಿನ ಕೂಗು, ಮಂಜುಗಡ್ಡೆಯ ಲಾರಿಗಳ ಗದ್ದಲ, ದೋಣಿಗಳ ಯಂತ್ರದ ಸದ್ದು, ಇವುಗಳ ನಡುವೆ ಬೆಳೆದ ನನ್ನ ಮಕ್ಕಳಿಗೆ ಸಮುದ್ರವೆಂದರೆ ಸಂತೆ. ಸದ್ದಿಲ್ಲದ ಕಡಲೊಂದನ್ನು ಅವರಿಗೆ ತೋರಿಸಬೇಕೆಂಬುದು ನನ್ನ ಬಹುದಿನದ ಆಸೆಯಾಗಿತ್ತು. ಮಲ್ಪೆಯ ಬಳಿ ನಮ್ಮ ಚಿಕ್ಕಪ್ಪನವರ ತೋಟವಿದೆ. ಅಲ್ಲಿಂದ ಆರು ಕಿಲೋಮೀಟರಿನಷ್ಟು ದೂರದಲ್ಲಿ, ಸಮುದ್ರಮಧ್ಯದಲ್ಲಿ, ಊರ ಜನ ತೋನ್ಸೆಪಾರ್ ಎಂದು ಕರೆಯುವ ಸೇಂಟ್ ಮೇರೀಸ್ ದ್ವೀಪ. ಅಲ್ಲಿ ಗುಡಾರ ಹಾಕಿ ಒಂದು ರಾತ್ರಿ ಕಳೆಯಬೇಕೆಂದು ಮಗ ಹಟ ಹಿಡಿದ. ಗುಡಾರವನ್ನೂ ಕೊಂಡದ್ದಾಯಿತು. ಮಂಗಳೂರಿನವರೆಗೆ ರೈಲು, ಅಲ್ಲಿಂದ ಬಸ್ಸು. ವೃದ್ಧ ತಾಯಿ, ಪತ್ನಿ, ಇಬ್ಬರು ಮಕ್ಕಳೊಡನೆ ಉಡುಪಿಯನ್ನು ಸೇರಿದೆವು.

ಮಲ್ಪೆಯ ದಕ್ಕೆಯಲ್ಲಿ ವಿಚಾರಿಸಿದಾಗ, ದ್ವೀಪದಲ್ಲಿ ರಾತ್ರಿ ತಂಗಲು ಅನುಮತಿ ಇಲ್ಲವೆಂದು ತಿಳಿಯಿತು. ಸಂಜೆಯ ಬೋಟಿಗೆ ಎಲ್ಲರೂ ಹಿಂದಿರುಗಲೇಬೇಕು. ಮಗನ ಮುಖ ಬಾಡಿತು. "ಬಂಡೆಯ ಹಿಂದೆ ಅಡಗಿ ಕುಳಿತರೆ ಯಾರಿಗೆ ಕಾಣುತ್ತದೆ, ಅಪ್ಪ?" ಎಂದ. ನಿಯಮವಿರುವುದು ಕಾಣಿಸಿಕೊಳ್ಳುವವರಿಗೆ ಮಾತ್ರವಲ್ಲವೆಂದು ಅವನಿಗೆ ಒಂದು ಪುಟ್ಟ ಉಪನ್ಯಾಸವನ್ನೇ ಕೊಟ್ಟೆ. ಆ ಉಪನ್ಯಾಸ ಮುಗಿದು ಎಂಟು ಗಂಟೆ ಕಳೆಯುವುದರೊಳಗೆ ನಾನು ಮಾಡಿದ ಕೆಲಸವನ್ನು ಹೇಳುವ ಮೊದಲು ಆ ಸ್ಥಳದ ವಿಷಯವನ್ನು ಎರಡು ಮಾತಿನಲ್ಲಿ ಹೇಳಬೇಕು.

ಈ ದ್ವೀಪದಲ್ಲಿ ಮನೆಗಳಿಲ್ಲ, ಬೀದಿಗಳಿಲ್ಲ. ತೆಂಗಿನ ಮರಗಳು, ಮರಳಿಗಿಂತ ಹೆಚ್ಚಾಗಿ ಚಿಪ್ಪುಗಳಿಂದಲೇ ಆದ ದಡ, ಮತ್ತು ಆ ಕಲ್ಲಿನ ಕಂಬಗಳು. ಐದು, ಆರು ಮುಖಗಳುಳ್ಳ ಕಂಬಗಳನ್ನು ಯಾರೋ ಶಿಲ್ಪಿ ಕಡೆದು ಒತ್ತಾಗಿ ನಿಲ್ಲಿಸಿದಂತೆ ಅವು ಕಾಣುತ್ತವೆ. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಭಾರತವೂ ಮಡಗಾಸ್ಕರ್ ದ್ವೀಪವೂ ಒಂದರಿಂದೊಂದು ಬೇರ್ಪಡುತ್ತಿದ್ದ ಕಾಲದಲ್ಲಿ, ಭೂಗರ್ಭದಿಂದ ಉಕ್ಕಿದ ಶಿಲಾರಸ ತಣಿದು, ಕುಗ್ಗಿ, ಬಿರುಕು ಬಿಟ್ಟು ಈ ರೂಪ ತಾಳಿತೆಂದು ಭೂವಿಜ್ಞಾನಿಗಳು ಹೇಳುತ್ತಾರೆ. ಇದೊಂದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. 1498ರಲ್ಲಿ ವಾಸ್ಕೊ ಡ ಗಾಮನು ಇಲ್ಲಿಳಿದು ಈ ಹೆಸರಿಟ್ಟನೆಂಬ ಪ್ರತೀತಿಯೂ ಉಂಟು. ನಮ್ಮೊಡನೆ ಬಂದವರು ಬೋಟು ನಿಲ್ಲುವ ಬದಿಯಲ್ಲೇ ಉಳಿದರು. ನಾವು ಇನ್ನೊಂದು ಅಂಚಿಗೆ ನಡೆದು ಒಂದು ಮರದ ನೆರಳಿನಲ್ಲಿ ಗುಡಾರ ಬಿಚ್ಚಿದೆವು. ರಾತ್ರಿಗಲ್ಲದಿದ್ದರೂ ಹಗಲಿಗಾದರೂ ಆಗಲೆಂದು. ಬುತ್ತಿ ಬಿಚ್ಚಿ ಪುಳಿಯೋಗರೆ, ಮೊಸರನ್ನ ಉಂಡೆವು. ತಾಯಿಯವರು ಬಹಳ ಹೊತ್ತು ಕಡಲನ್ನು ನೋಡುತ್ತ ಕುಳಿತಿದ್ದು, "ಇಲ್ಲಿ ಜಪ ತಾನಾಗಿಯೇ ನಡೆಯುತ್ತದೆ" ಎಂದರು.

ಸಂಜೆ ಬೋಟಿನವರು ಸೀಟಿ ಊದಿದರು. ಪತ್ನಿ ತಾಯಿಯವರ ಕೈ ಹಿಡಿದು ಮುಂದೆ ನಡೆದಳು. ಮಕ್ಕಳು ಗುಡಾರವನ್ನು ಹೊತ್ತು ಓಡಿದರು. ಉಂಡೆದ್ದ ಪ್ಲಾಸ್ಟಿಕ್ ತಟ್ಟೆಗಳು, ನೀರಿನ ಖಾಲಿ ಬಾಟಲಿಗಳು, ಜಿಡ್ಡಾದ ಪೊಟ್ಟಣಗಳು ತುಂಬಿದ ಒಂದು ಚೀಲ ನನ್ನ ಕೈಯಲ್ಲಿತ್ತು. ಇನ್ನೊಂದು ಕೈಯಲ್ಲಿ ಬುತ್ತಿಯ ಪಾತ್ರೆ, ಹೆಗಲ ಮೇಲೆ ಚಾಪೆ. ಚೀಲದ ತಳ ಒಡೆದು ಸೋರುತ್ತಿತ್ತು. ಸುತ್ತ ನೋಡಿದೆ. ಯಾರೂ ಇರಲಿಲ್ಲ. ಎರಡು ಕಲ್ಲುಕಂಬಗಳ ನಡುವಿನ ಬಿರುಕಿಗೆ ಆ ಚೀಲವನ್ನು ತುರುಕಿ, ಮೇಲೊಂದು ಕಲ್ಲನ್ನಿಟ್ಟು, ಓಡಿಹೋಗಿ ಬೋಟು ಹತ್ತಿದೆ.

ಮಾಡಿದ್ದು ಇಷ್ಟೇ. ಇದೇನು ಮಹಾಪಾತಕವೇ ಎಂದು ಓದುಗರು ಕೇಳಬಹುದು. ನಾನೂ ಕೇಳಿಕೊಂಡೆ. ಆದರೆ ಬ್ಯಾಂಕಿನ ಕೆಲಸದಲ್ಲಿ ಇಪ್ಪತ್ತು ವರ್ಷ ಕಳೆದವನಿಗೆ ಒಂದು ಸಂಗತಿ ಗೊತ್ತು: ವ್ಯತ್ಯಾಸ ಒಂದು ರೂಪಾಯಿಯದಾದರೂ ಆ ದಿನದ ಲೆಕ್ಕ ಮುಗಿಯದು. ಮೊತ್ತ ಸಣ್ಣದೆಂಬ ಕಾರಣಕ್ಕೆ ತಪ್ಪು ಸರಿಯಾಗುವುದಿಲ್ಲ. ಅಂದು ರಾತ್ರಿ ಚಿಕ್ಕಪ್ಪನವರ ತೋಟದಲ್ಲಿ ಗುಡಾರ ಹಾಕಿ ಮಲಗಿದೆವು. ಮಕ್ಕಳು ಸುಖವಾಗಿ ನಿದ್ರಿಸಿದರು. ಅಲೆಗಳ ಸದ್ದನ್ನು ಕೇಳುತ್ತ ನಾನೊಬ್ಬ ಎಚ್ಚರವಾಗಿದ್ದೆ. ಮಗನಿಗೆ ಬೆಳಿಗ್ಗೆ ಕೊಟ್ಟ ಉಪನ್ಯಾಸದ ಒಂದೊಂದು ಮಾತೂ ನೆನಪಿಗೆ ಬರುತ್ತಿತ್ತು.

ಮರುದಿನ ಉಡುಪಿಯಲ್ಲಿ ಶ್ರೀಕೃಷ್ಣನ ದರ್ಶನ. ಸಮುದ್ರದಲ್ಲಿ ತೊಳಲುತ್ತಿದ್ದ ಹಡಗನ್ನು ಮಧ್ವಾಚಾರ್ಯರು ತಮ್ಮ ವಸ್ತ್ರವನ್ನು ಬೀಸಿ ದಡಕ್ಕೆ ತಂದರೆಂದೂ, ಹಡಗಿನವನು ಬೇಕಾದುದನ್ನು ಬೇಡಿರೆಂದಾಗ ಗೋಪೀಚಂದನದ ಗಡ್ಡೆಯನ್ನಷ್ಟೇ ಕೇಳಿದರೆಂದೂ, ಅದರೊಳಗೆ ಕೃಷ್ಣನ ವಿಗ್ರಹವಿತ್ತೆಂದೂ ನಾವೆಲ್ಲರೂ ಕೇಳಿದ ಕಥೆ. ಆ ಕಡಲಿನಿಂದ ಆಚಾರ್ಯರು ತಂದದ್ದು ಏನು, ಅದೇ ಕಡಲಿನಲ್ಲಿ ನಾನು ಬಿಟ್ಟುಬಂದದ್ದು ಏನು! ದರ್ಶನ ಮುಗಿಸಿ ಕನಕನ ಕಿಂಡಿಯ ಮುಂದೆ ನಿಂತಾಗ ಮಗಳು ಕನಕದಾಸರ ಕಥೆ ಹೇಳೆಂದಳು. ಬಾಳೆಹಣ್ಣಿನ ಕಥೆಯನ್ನು ಆರಂಭಿಸಿದೆ. ಗುರುಗಳಾದ ವ್ಯಾಸರಾಯರು ಶಿಷ್ಯರಿಗೆಲ್ಲ ಒಂದೊಂದು ಹಣ್ಣು ಕೊಟ್ಟು, ಯಾರೂ ಕಾಣದ ಕಡೆ ತಿಂದು ಬನ್ನಿರೆಂದರು. ಒಬ್ಬ ಬಾಗಿಲ ಹಿಂದೆ ತಿಂದ, ಇನ್ನೊಬ್ಬ ಕತ್ತಲೆಯಲ್ಲಿ ತಿಂದ. ಕನಕದಾಸರು ಮಾತ್ರ ಹಣ್ಣನ್ನು ಹಾಗೆಯೇ ಹಿಂದಕ್ಕೆ ತಂದರು. ಯಾಕೆಂದರೆ... ಅಲ್ಲಿಗೆ ನನ್ನ ಗಂಟಲು ಕಟ್ಟಿತು. ಉಳಿದುದನ್ನು ತಾಯಿಯವರೇ ಹೇಳಿ ಮುಗಿಸಿದರು.

ದೇವರು ಎಲ್ಲೆಡೆಯೂ ಇದ್ದು ನೋಡುತ್ತಿದ್ದಾನೆ. ಆದ್ದರಿಂದ ಗುಟ್ಟಾಗಿ ತಿನ್ನುವುದು ಅಸಾಧ್ಯ. ಕಥೆಯ ಸಾರವನ್ನು ನಾವು ಸಾಮಾನ್ಯವಾಗಿ ಹೀಗೆ ಗ್ರಹಿಸುತ್ತೇವೆ. ಆದರೆ ಇಷ್ಟಕ್ಕೇ ನಿಂತರೆ ಭಗವಂತನು ಒಬ್ಬ ಕಾವಲುಗಾರನಾಗುತ್ತಾನೆ. ನಮ್ಮ ಬ್ಯಾಂಕಿನಲ್ಲಿ ನಗದು ಕೌಂಟರಿನ ಮೇಲೆ ಕ್ಯಾಮೆರಾ ಇದೆ. ಅದು ಇರುವುದರಿಂದ ಕಳ್ಳತನ ತಪ್ಪಬಹುದು. ಆದರೆ ಅದರ ಕೆಳಗೆ ಕುಳಿತ ಮಾತ್ರಕ್ಕೆ ಯಾರೂ ಪ್ರಾಮಾಣಿಕರಾಗುವುದಿಲ್ಲ. ಕ್ಯಾಮೆರಾ ಕೆಟ್ಟ ದಿನವೂ ಲೆಕ್ಕ ಸರಿಯಾಗಿ ಒಪ್ಪಿಸುವವನು ಪ್ರಾಮಾಣಿಕ. ಆಕಾಶದಲ್ಲಿ ಒಂದು ದೊಡ್ಡ ಕ್ಯಾಮೆರಾ ಇದೆಯೆಂದು ಹೆದರಿ ಕನಕದಾಸರು ಹಣ್ಣನ್ನು ತಿನ್ನದೆ ಬಂದರೆಂದರೆ ಆ ಭಕ್ತಶ್ರೇಷ್ಠರಿಗೆ ನಾವು ಅಪಚಾರ ಮಾಡಿದಂತೆ. ಹೆದರಿದವನು ಇನ್ನೂ ಕತ್ತಲಾದ ಮೂಲೆಯನ್ನು ಹುಡುಕುತ್ತಾನೆ. ಕನಕದಾಸರು ಹುಡುಕುವುದನ್ನೇ ಬಿಟ್ಟರು. ಅವರಿಗೆ ಭಗವಂತನು ಜೊತೆಗಾರ; ಜೊತೆಯಲ್ಲಿರುವವನನ್ನು ಬಿಟ್ಟು ಒಬ್ಬನೇ ತಿನ್ನಲು ಯಾರಿಗೆ ಮನಸ್ಸು ಬಂದೀತು?

ಮಹಾಭಾರತದ ಆದಿಪರ್ವದಲ್ಲಿ ಶಕುಂತಲೆಯೂ ಇದನ್ನೇ ದುಷ್ಯಂತನಿಗೆ ಹೇಳುತ್ತಾಳೆ. ಕಣ್ವರ ಆಶ್ರಮದ ಏಕಾಂತದಲ್ಲಿ ಆದ ವಿವಾಹವನ್ನು ಅರಸನು ತುಂಬಿದ ಸಭೆಯಲ್ಲಿ ಅಲ್ಲಗಳೆದಾಗ, ನೀನು ಒಬ್ಬನೇ ಇದ್ದೆನೆಂದು ತಿಳಿದೆಯಾ ಎಂದು ಅವಳು ಕೇಳುತ್ತಾಳೆ. ಹೃದಯದಲ್ಲಿ ನೆಲೆಸಿದ ಪುರಾತನನನ್ನು ಅವನಿಗೆ ನೆನಪಿಸುತ್ತಾಳೆ. ಸೂರ್ಯಚಂದ್ರರನ್ನೂ ಗಾಳಿ, ಬೆಂಕಿ, ನೀರು, ನೆಲಗಳನ್ನೂ ಸಾಕ್ಷಿಗೆ ಕರೆಯುತ್ತಾಳೆ. ಶ್ರೀಮಧ್ವರ ಸಿದ್ಧಾಂತದಲ್ಲಿ ಜೀವನ ಸ್ವರೂಪವೇ ಆದ ಒಂದು ಒಳಗಿನ ಇಂದ್ರಿಯಕ್ಕೆ ಸಾಕ್ಷಿ ಎಂದು ಹೆಸರು; ನಮ್ಮ ಸುಖದುಃಖಗಳನ್ನು ನೇರವಾಗಿ ಅರಿಯುವುದು ಅದು. ಅದ್ವೈತಿಗಳು ಸಾಕ್ಷಿಯನ್ನು ಬೇರೆ ರೀತಿಯಲ್ಲಿ ನಿರೂಪಿಸುತ್ತಾರೆ. ಶಾಸ್ತ್ರವನ್ನು ಗುರುಮುಖದಿಂದ ಓದದ ನಾನು ಆ ವಾದಕ್ಕೆ ಇಳಿಯಲಾರೆ. ಆದರೆ ಸಾಕ್ಷಿ ಹೊರಗಿಲ್ಲ, ಒಳಗಿದೆ ಎಂಬಲ್ಲಿ ಇಬ್ಬರೂ ಒಂದಾಗುತ್ತಾರೆ. ಗುಡಾರದಲ್ಲಿ ನನ್ನನ್ನು ನಿದ್ರಿಸಗೊಡದೆ ಇದ್ದದ್ದು ಯಾವ ಕಾವಲುಗಾರನೂ ಅಲ್ಲ.

ಇನ್ನೊಂದು ಮಾತನ್ನೂ ಹೇಳಬೇಕು. ಆ ಸ್ಥಳವನ್ನು ನಾನು ನಿರ್ಜನವೆಂದೆ. ನಿಜವಾಗಿಯೂ ಅಲ್ಲಿ ಯಾರೂ ಇರಲಿಲ್ಲವೇ? ಚಿಪ್ಪುಗಳ ಸಂದಿನಲ್ಲಿ ಏಡಿಗಳು ಓಡಾಡುತ್ತಿದ್ದವು. ಬಂಡೆಯ ತುದಿಯಲ್ಲಿ ಬಿಳಿಯ ಕಡಲಹಕ್ಕಿಗಳು ಕುಳಿತಿದ್ದವು. ಮರುದಿನ ಅದೇ ನೆರಳಿಗೆ ಬರಲಿದ್ದ ಇನ್ನೊಂದು ಕುಟುಂಬವಿತ್ತು. ನಮ್ಮಂಥ ಮನುಷ್ಯ ಕಣ್ಣಿಗೆ ಬೀಳದ ಕಡೆಯನ್ನೆಲ್ಲ ನಿರ್ಜನವೆಂದು ಕರೆಯುವುದು ನಮ್ಮ ಅಹಂಕಾರದ ಭಾಷೆ. ಯಾರೂ ಇಲ್ಲವೆಂದು ನಾವು ಹೇಳುವಾಗ, ನಮ್ಮನ್ನು ಕೇಳುವವರು ಯಾರೂ ಇಲ್ಲವೆಂದೇ ಅದರ ಅರ್ಥ. ಈ ಎರಡಕ್ಕೂ ಇರುವ ಅಂತರವೇ ಧರ್ಮದ ಕ್ಷೇತ್ರ.

ದ್ವೀಪಕ್ಕೆ ಹಿಂದಿರುಗಿ ಆ ಚೀಲವನ್ನು ತರಬಹುದಿತ್ತು. ತರಲಿಲ್ಲ. ಅಂದೇ ಸಂಜೆ ಮಂಗಳೂರಿನಿಂದ ರೈಲು, ಐದು ಟಿಕೆಟುಗಳು, ಮಾರನೆಯ ದಿನ ಕಳೆದರೆ ರಜೆ ಮುಗಿಯುತ್ತಿತ್ತು. ಈ ಕಾರಣಗಳೆಲ್ಲ ನಿಜವಾದವು, ಮತ್ತು ಯಾವುದೂ ಸಾಲದು. ರೈಲಿನಲ್ಲಿ, ತಾಯಿಯವರು ಮಲಗಿದ ಮೇಲೆ, ಪತ್ನಿಗೂ ಮಕ್ಕಳಿಗೂ ನಡೆದುದನ್ನು ಹೇಳಿದೆ. ಮಾಡಿದ ತಪ್ಪನ್ನು ಬಾಯಿಬಿಟ್ಟು ಹೇಳುವುದು ಪಾಪದ ಹೊರೆಯನ್ನು ಕಳೆಯುವ ಒಂದು ಮಾರ್ಗವೆಂದು ನಮ್ಮ ಧರ್ಮಶಾಸ್ತ್ರಗಳು ಒಪ್ಪುತ್ತವೆ. ನನಗೂ ಮನಸ್ಸು ಹಗುರವಾದೀತೆಂಬ ನಿರೀಕ್ಷೆಯಿತ್ತು. ಮಗ ಕಿಟಕಿಯ ಕಡೆಗೆ ತಿರುಗಿ ಕುಳಿತ. ಮಗಳು, "ಹಾಗಾದರೆ ಅದು ಈಗಲೂ ಅಲ್ಲೇ ಇದೆಯಾ?" ಎಂದಳು. ಇದೆ ಎಂದೆ. ಹೇಳಿಕೊಂಡದ್ದರಿಂದ ಹೇಳಿದವನ ಭಾರ ಕಡಿಮೆಯಾಗಬಹುದು. ಕಲ್ಲಿನ ಸಂದಿಯಲ್ಲಿರುವ ಚೀಲದ ಭಾರ ಕಡಿಮೆಯಾಗುವುದಿಲ್ಲ. ಪಶ್ಚಾತ್ತಾಪವೂ ಎಷ್ಟೋ ವೇಳೆ ನಮ್ಮ ಸುಖದ ಚಿಂತೆಯೇ ಎಂಬುದನ್ನು ಆ ಕ್ಷಣದಲ್ಲಿ ಕಂಡುಕೊಂಡೆ.

ನಾವು ಊರಿಗೆ ಮರಳಿದಾಗ ಕಾಸಿಮೇಡು ಎಂದಿನಂತಿರಲಿಲ್ಲ. ಪೂರ್ವ ಕರಾವಳಿಯಲ್ಲಿ ಏಪ್ರಿಲ್ 15ರಿಂದ ಜೂನ್ 14ರವರೆಗೆ 61 ದಿನ ಯಂತ್ರದೋಣಿಗಳು ಮೀನುಗಾರಿಕೆಗೆ ಇಳಿಯುವಂತಿಲ್ಲ. ಕಡಲೊಳಗೆ ಮೀನು ಮರಿಮಾಡುವ ಕಾಲವದು. ದೊಡ್ಡ ದೋಣಿಗಳು ಸಾಲಾಗಿ ಕಟ್ಟಿಹಾಕಿಕೊಂಡು ನಿಂತಿದ್ದವು. ಈ ನೋಟವನ್ನು ವರ್ಷವರ್ಷವೂ ಕಂಡಿದ್ದರೂ ಅದರ ಅರ್ಥ ನನಗೆ ಹೊಳೆದದ್ದು ಆಗ. ಯಾರ ಕಣ್ಣಿಗೂ ಬೀಳದ, ಇನ್ನೂ ಹುಟ್ಟದ ಜೀವಿಗಳಿಗಾಗಿ ಒಂದು ಬಂದರು ಎರಡು ತಿಂಗಳ ಕಾಲ ತನ್ನ ಅನ್ನವನ್ನು ಕಡಿಮೆ ಮಾಡಿಕೊಳ್ಳುತ್ತದೆ. ಅದು ಸರ್ಕಾರದ ಕಟ್ಟಳೆ ಎಂಬುದು ನಿಜ. ಆದರೂ ಏಕಾದಶಿಗೆ ಒಂದು ಹೊತ್ತು ಉಪವಾಸವಿದ್ದು ಬೀಗುವ ನಮಗೆ ಇದು ಸಣ್ಣ ವ್ರತವಾಗಿ ಕಾಣಬಾರದು.

ಆ ದಿನಗಳಲ್ಲಿ ಒಂದು ಬೆಳಿಗ್ಗೆ, ಸಣ್ಣ ದೋಣಿಯ ವೃದ್ಧರೊಬ್ಬರು ದಡದಲ್ಲಿ ಬಲೆಯನ್ನು ಬಿಡಿಸುತ್ತಿದ್ದರು. ಬಲೆಯಲ್ಲಿ ನಾಲ್ಕಾರು ಮೀನುಗಳೊಡನೆ ಪ್ಲಾಸ್ಟಿಕ್ ಚೀಲಗಳೂ ಸಿಕ್ಕಿಕೊಂಡಿದ್ದವು. ಅವರು ಒಂದೊಂದನ್ನೇ ಬಿಡಿಸಿ ದೋಣಿಯ ಮೂಲೆಯಲ್ಲಿದ್ದ ಡಬ್ಬಕ್ಕೆ ಹಾಕುತ್ತಿದ್ದರು. ಮರಳಿ ನೀರಿಗೆ ಎಸೆದರೆ ಯಾರು ಕೇಳುತ್ತಾರೆಂದು, ನನ್ನದೇ ಪ್ರಶ್ನೆಯನ್ನು ಅವರ ಮುಂದಿಟ್ಟೆ. "ಯಾರು ಕೇಳುತ್ತಾರೆ ಸಾರ್? ನಾಳೆ ನನ್ನ ಬಲೆಗೇ ಬರುತ್ತದೆ, ಇಲ್ಲವೇ ನನ್ನ ತಮ್ಮನ ಬಲೆಗೆ" ಎಂದು ತಮಿಳಿನಲ್ಲಿ ಹೇಳಿ ಮತ್ತೆ ಕೆಲಸದಲ್ಲಿ ಮಗ್ನರಾದರು. ಕಡಲಿನಲ್ಲಿ "ಆಚೆ" ಎಂಬ ಸ್ಥಳವೇ ಇಲ್ಲವೆಂಬುದು ಅವರಿಗೆ ತಿಳಿದಿತ್ತು.

ಕಾಣದಿರುವ ಕಡಲಿನಲ್ಲಿ ನಡೆಯುವುದೆಲ್ಲ ಇಷ್ಟು ಹಿತವಾದುದಲ್ಲ. 2025ರ ಜನವರಿಯಲ್ಲಿ ಚೆನ್ನೈ ಮತ್ತು ಸುತ್ತಲಿನ ದಡಗಳಿಗೆ ಸಾವಿರಕ್ಕೂ ಹೆಚ್ಚು ಕಡಲಾಮೆಗಳು ಸತ್ತು ಬಂದು ಬಿದ್ದವು. ಉಸಿರಾಡಲು ನೀರಿನ ಮೇಲಕ್ಕೆ ಬರಲೇಬೇಕಾದ ಈ ಜೀವಿಗಳು ಎಳೆಬಲೆಗಳಲ್ಲಿ ಸಿಕ್ಕಿ ಮುಳುಗಿ ಸತ್ತಿರಬೇಕೆಂದು ತಿಳಿದವರು ಹೇಳಿದರು. ಅದನ್ನು ಕಂಡವರಿಲ್ಲ. ಆದರೆ ಅದೇ ನಗರದಲ್ಲಿ, 1988ರಿಂದ, ವಿದ್ಯಾರ್ಥಿಗಳ ಒಂದು ತಂಡ ಮೊಟ್ಟೆಯಿಡುವ ಋತುವಿನ ರಾತ್ರಿಗಳಲ್ಲಿ ಬೆಸೆಂಟ್ ನಗರದ ಕಡೆಯ ದಡದುದ್ದಕ್ಕೂ ನಡೆದು, ಆಮೆಯ ಮೊಟ್ಟೆಗಳನ್ನು ಕಾಪಾಡಿ, ಮರಿಗಳನ್ನು ಕಡಲಿಗೆ ಬಿಡುತ್ತ ಬಂದಿದೆ. ನಗರ ನಿದ್ರಿಸುವಾಗ ಅವರು ನಡೆಯುತ್ತಾರೆ. ಕೈಯಿಂದ ಬಿಟ್ಟ ಮರಿ ಬದುಕಿತೋ ಇಲ್ಲವೋ ಅವರಿಗೆ ತಿಳಿಯುವುದೇ ಇಲ್ಲ. ಯಾರೂ ಕಾಣದ ಕಡೆ ಮಾಡಬಾರದ್ದನ್ನು ಮಾಡದಿರುವುದು ಅರ್ಧ ಧರ್ಮ. ಮಾಡಬೇಕಾದುದನ್ನು ಮಾಡುವುದು ಉಳಿದರ್ಧ. ಫಲದ ಮೇಲೆ ಕಣ್ಣಿಡದೆ ಕರ್ಮವನ್ನು ಮಾಡೆಂಬ ಗೀತಾಚಾರ್ಯನ ಮಾತಿಗೆ ಇದಕ್ಕಿಂತ ಹತ್ತಿರದ ನಿದರ್ಶನವನ್ನು ನಾನು ಕಂಡಿಲ್ಲ.

ಆಯುಧಪೂಜೆಯ ದಿನ ನಮ್ಮ ಬ್ಯಾಂಕಿನಲ್ಲಿ ಕಬ್ಬಿಣದ ಪೆಟ್ಟಿಗೆಗೂ ಗಣಕಯಂತ್ರಗಳಿಗೂ ಕುಂಕುಮವಿಟ್ಟು ಪೂಜಿಸುತ್ತೇವೆ. ನಮಗೆ ಅನ್ನ ಕೊಡುವ ಉಪಕರಣಗಳಿಗೆ ಸಲ್ಲಿಸುವ ಕೃತಜ್ಞತೆ ಅದು. ಈ ವರ್ಷ ಪೂಜೆಯ ಹೊತ್ತಿಗೆ ನನ್ನ ಕೈಗಳನ್ನು ಒಮ್ಮೆ ನೋಡಿಕೊಳ್ಳಬೇಕೆಂದಿದ್ದೇನೆ. ಎಲ್ಲ ಆಯುಧಗಳಿಗಿಂತ ಮೊದಲಿನ ಆಯುಧಗಳು ಅವೇ; ಆ ಚೀಲವನ್ನು ಕಲ್ಲಿನ ಸಂದಿಗೆ ತುರುಕಿದ್ದೂ ಅವೇ. ಮಳೆಗಾಲ ಕಳೆದು ದ್ವೀಪಕ್ಕೆ ಬೋಟುಗಳು ಮತ್ತೆ ಹೊರಟಿವೆಯೆಂದು ಚಿಕ್ಕಪ್ಪನವರು ತಿಳಿಸಿದಾಗ ಒಂದು ಟಿಕೆಟು ಕಾದಿರಿಸುವುದೆಂದು ನಿಶ್ಚಯಿಸಿದ್ದೇನೆ. ಮಳೆಗಾಲದ ಅಲೆಗಳು ಅದನ್ನು ಅಲ್ಲಿ ಉಳಿಸಿವೆಯೋ, ಯಾರ ಬಲೆಗೆ ಒಯ್ದಿವೆಯೋ ಅರಿಯೆ. ಇದ್ದರೆ ತರುವೆ. ಇಲ್ಲದಿದ್ದರೆ ಬೇರೆ ಯಾರೋ ಬಿಟ್ಟುಹೋದದ್ದನ್ನಾದರೂ ತರುವೆ. ಮಗನೂ ಬರುವೆನೆಂದಿದ್ದಾನೆ.

ಜನರ ನಡುವೆ ನಮ್ಮನ್ನು ಕಾಯುವಂತೆಯೇ ಜನರಿಲ್ಲದ ಕಡೆಯಲ್ಲಿಯೂ ಜಗನ್ಮಾತೆಯು ನಮ್ಮ ಜೊತೆಗಿದ್ದು, ಆಕೆಯು ಜೊತೆಗಿರುವಳೆಂಬ ನೆನಪನ್ನು ನಮಗೆಲ್ಲರಿಗೂ ಕರುಣಿಸಲೆಂದು ಪ್ರಾರ್ಥಿಸುತ್ತೇನೆ.